ಒಟಿಗ್ಬಾ ಬೀದಿಯ ಗಿರಾಕಿ

ಎಲ್ಲರೂ ಕೊನೆಗೆ ಕೊಳ್ಳುವುದನ್ನು
ಅವಳು ಮೊದಲು ಕೊಂಡಳು.

ಲೇಗೋಸಿನ ಈ ಬೀದಿಯಲ್ಲಿ
ನನ್ನದು ಕೊಡೆಯಗಲದ ಅಂಗಡಿ.
ಬೆಳಗಿಂದ ಬೈಗಿನತನಕ ಹುಡುಗರು ಬರುತ್ತಾರೆ,
ಬಣ್ಣದ ದೀಪ ಮಿನುಗುವ ಫ್ಯಾನು ಬೇಕು,
ಗಾಜಿನ ಕ್ಯಾಬಿನೆಟ್ಟು ಬೇಕು.
ಪವರ್ ಸಪ್ಲೈ?
‘ಯಾವುದಾದರೂ ಹಾಕಿ ಅಣ್ಣಾ.’
ಯಾವುದಾದರೂ ಹಾಕುತ್ತೇನೆ.
ಆರು ತಿಂಗಳಿಗೆ ಸುಟ್ಟ ವಾಸನೆ ಹೊತ್ತು
ಮರಳಿ ಬರುತ್ತಾರೆ.
ನನ್ನ ಮಕ್ಕಳ ಶಾಲೆಯ ಫೀಸು
ಅರ್ಧ ಆ ವಾಸನೆಯದೇ.

ಓಮೊಸೆದೆ ಬಂದದ್ದು ಧೂಳುಗಾಳಿಯ ಜನವರಿಯಲ್ಲಿ,
ಮೊಣಕೈತನಕ ಗ್ರೀಸು.
ಮುಶಿನ್ನಿನಲ್ಲಿ ಅಪ್ಪನ ಜೊತೆ
ಜನರೇಟರು ರಿಪೇರಿಯಂತೆ.
ಗೆಣಸು ಕೊಳ್ಳುವವರ ಹಾಗೆ
ಒಂದು ಪವರ್ ಸಪ್ಲೈ ಎತ್ತಿ ತೂಗಿದಳು,
ಬೆರಳಿಂದ ತಟ್ಟಿದಳು,
ಇನ್ನೊಂದನ್ನು ತೂಗಿದಳು.
‘ಇದು ಹಗುರ. ಒಳಗೆ ತಾಮ್ರ ಕದ್ದಿದ್ದಾರೆ.’
ಕದ್ದಿದ್ದರು. ನನಗೂ ಗೊತ್ತಿತ್ತು.

‘ನಮ್ಮೋಣಿಗೆ ಕರೆಂಟು ಬರುವುದೇ ಕುಡಿದವನ ಹಾಗೆ.
ಬಾಗಿಲಲ್ಲಿ ನಿಲ್ಲುವವನು ಗಟ್ಟಿಯಿರಬೇಕು.
ಮಿಕ್ಕವರು ಆಮೇಲೆ ಬರಲಿ’ ಅಂದಳು.
ಎಲ್ಲಕ್ಕಿಂತ ದುಬಾರಿಯದನ್ನೇ ಆರಿಸಿ
ಮಧ್ಯಾಹ್ನವೆಲ್ಲ ಚೌಕಾಸಿ ಮಾಡಿ
ನನಗೆ ಬೆರಳಿಗಂಟಿದ ಎಣ್ಣೆಯಷ್ಟು ಲಾಭ ಉಳಿಸಿ
ಹಳದಿ ವ್ಯಾನು ಹತ್ತಿ ಹೋದಳು,
ಮಡಿಲಲ್ಲಿ ಡಬ್ಬಿ.

ಮಾರ್ಚಿನಲ್ಲಿ ಮದರ್‌ಬೋರ್ಡು:
ಎರಡು ಪಿನ್ನು ಬಾಗಿದ್ದಕ್ಕೆ ಬೆಲೆ ಅರ್ಧ.
ನನ್ನ ಮೊಬೈಲಿನ ಬೆಳಕಲ್ಲಿ, ಹೊಲಿಗೆಸೂಜಿಯಲ್ಲಿ,
ಉಸಿರು ಬಿಗಿಹಿಡಿದು ನೇರ ಮಾಡಿದಳು.
ಮಳೆ ಹಿಡಿದಾಗ ಪ್ರೊಸೆಸರು,
ಬಿಸ್ಕತ್ತಿನ ಡಬ್ಬಿಯಲ್ಲಿ ಒಯ್ದಳು.
ರ್‍ಯಾಮು ಒಂದೇ ಒಂದು ಪಟ್ಟಿ,
ಅದರ ಜೋಡಿಯ ಜಾಗ ಈಗಲೂ ಖಾಲಿ.
ಕ್ಯಾಬಿನೆಟ್ಟು? ‘ಯಾಕೆ ದಂಡ,
ಸತ್ತ ಜನರೇಟರಿನ ಚೌಕಟ್ಟು ಬಿದ್ದಿದೆ,
ಬೆಸುಗೆ ನನಗೇ ಬರುತ್ತದೆ.’

ಅಷ್ಟಕ್ಕೂ ಆಡುವುದು ಏನನ್ನು?
ಒಮ್ಮೆ ಕೇಳಿಯೇಬಿಟ್ಟೆ.
‘ಹಿಮದ ಮೇಲೆ ಕಾರು ಓಡಿಸುವುದು’ ಅಂದಳು,
ಸ್ವಲ್ಪ ನಾಚಿ.
ನಾನು ಹಿಮ ಕಂಡವನಲ್ಲ.
ಅವಳು ಕಂಡಿದ್ದಳು,
ಮೀನಿನ ಅಂಗಡಿಯ ಫ್ರೀಜರಿನ ಗೋಡೆಯ ಮೇಲೆ,
ಕರೆಂಟು ಇದ್ದ ದಿನ.

ಅಕ್ಟೋಬರಿಗೆ ಉಳಿದದ್ದು ಗ್ರಾಫಿಕ್ಸ್ ಕಾರ್ಡು ಒಂದೇ.
ಅಷ್ಟರಲ್ಲಿ ನಮ್ಮ ನೈರಾ
ತೂತುಬಿದ್ದ ಕೊಡದ ಹಾಗೆ ಸೋರಿ
ಹೊಸ ಕಾರ್ಡಿನ ಬೆಲೆ ಹೇಳಲು ನನಗೇ ಬಾಯಿ ಬರಲಿಲ್ಲ.
ಹಳೆಯವು ಎರಡಿದ್ದವು.
ಒಂದು ಫಳಫಳ: ನಾನೇ ಸ್ಪಿರಿಟ್ ಹಾಕಿ ಉಜ್ಜಿದ್ದೆ,
ಯಾವುದೋ ಶೆಡ್ಡಿನಲ್ಲಿ ಎರಡು ವರ್ಷ
ಹಗಲಿರುಳೂ ಕ್ರಿಪ್ಟೊ ಅಗೆದು ಬೆಂದದ್ದು.
ಇನ್ನೊಂದರ ಮೈಯೆಲ್ಲ ಗೀರು,
ಫ್ಯಾನಿನ ಒಂದು ರೆಕ್ಕೆ ಮುರಿದಿತ್ತು.

ತೂಗುತ್ತಾಳೆ, ಮೂಸುತ್ತಾಳೆ,
ಸ್ಕ್ರೂ ತಲೆಯ ಮೇಲೆ ಗೀಚಿದ ಗುರುತು ಹುಡುಕುತ್ತಾಳೆ
ಅಂತ ಕಾದೆ.
ಕೈ ಕಟ್ಟಿ ನಿಂತಳು.
‘ನೀವೇ ಹೇಳಿ’ ಅಂದಳು.

ಒಂಬತ್ತು ತಿಂಗಳು ನನ್ನನ್ನು ನಂಬಿರಲಿಲ್ಲ,
ಅದೆಷ್ಟು ಹಿತವಾಗಿತ್ತು.
‘ಒಂದೇ ಕೈಯಲ್ಲಿ ಬಳಸಿದ್ದು’:
ಹದಿನೈದು ವರ್ಷದಿಂದ ಹೇಳಿದ ಮಾತು
ತಾನಾಗಿ ನಾಲಗೆ ತುದಿಗೆ ಬಂದು
ಅಲ್ಲೇ ಕೂತಿತು, ಬಿಸಿ ಅಗುಳಿನ ಹಾಗೆ.
ಗೀರಿನದನ್ನು ಅವಳತ್ತ ಸರಿಸಿದೆ.

ಋಷಿಯಾದೆ ಅಂದುಕೊಳ್ಳಬೇಡಿ.
ಫಳಫಳದ್ದು ಮಾರನೆಯ ದಿನವೇ ಹೋಯಿತು,
ಬೇರೊಬ್ಬನಿಗೆ,
ಅದೇ ಮಾತಿನ ಜೊತೆ.

ಶನಿವಾರ ಬಂದಳು, ನಾಲ್ಕು ಸ್ಕ್ರೂ ಬೇಕಿತ್ತಂತೆ.
ಮುರಿದ ರೆಕ್ಕೆಗೆ ಎದುರಿನದನ್ನೂ ಅಷ್ಟೇ ಕತ್ತರಿಸಿ
ತೂಕ ಸರಿಮಾಡಿದ್ದಾಳೆ, ಈಗ ನಡುಗುವುದಿಲ್ಲವಂತೆ.
‘ಓಡಿತಾ?’
‘ಏಳು ಕಿಲೋಮೀಟರು. ಎಲ್ಲೆಲ್ಲೂ ಬಿಳಿ.
ತಿರುವಿನಲ್ಲಿ ಜಾರುತ್ತಿದ್ದೆ, ಕರೆಂಟು ಹೋಯಿತು.’
‘ಆಮೇಲೆ?’
‘ಅಪ್ಪ ಎದ್ದು ಹೋಗಿ ಜನರೇಟರಿನ ಹಗ್ಗ ಎಳೆದರು.
ಮೂರನೇ ಎಳೆತಕ್ಕೆ
ಹಿಮ ಮತ್ತೆ ಬೀಳತೊಡಗಿತು.’